ಪರಿಹಾರ ಅಲ್ಲ ಸ್ವಾಮಿ, ಬಾಕಿ!

"ಪರಿಹಾರ" ಅನ್ನುವ ಪದದ ಮೇಲೆ ನನಗೊಂದು ತಕರಾರಿದೆ. ಮಳೆ ಬರದಿದ್ದರೆ ಬರ ಪರಿಹಾರ. ಮಳೆ ಹೆಚ್ಚಾದರೆ ನೆರೆ ಪರಿಹಾರ. ಜಾತಕದಲ್ಲಿ ಸರ್ಪ ಕೂತಿದ್ದರೆ ದೋಷ ಪರಿಹಾರ. ಗಣಿತದ ಲೆಕ್ಕ ಬಿಡಿಸಿದರೂ ಪರಿಹಾರ. ಕೊನೆಗೆ ಇಪ್ಪತ್ತು ವರ್ಷ ಕಲ್ಲು ಒಡೆದು, ಶ್ವಾಸಕೋಶ ಕಲ್ಲಾಗಿ ಸತ್ತವನ ಹೆಂಡತಿಗೆ ಸಿಕ್ಕಿದರೆ ಸಿಗುವ ದುಡ್ಡಿಗೂ ಅದೇ ಹೆಸರು: ಪರಿಹಾರ!

ಪದ ಒಂದೇ ಆದ್ದರಿಂದ ನಮ್ಮ ತಲೆಯಲ್ಲಿ ಅರ್ಥವೂ ಒಂದೇ ಆಗಿಬಿಟ್ಟಿದೆ. ನೆರೆ ಪರಿಹಾರ ಎಂದರೆ ಆಕಾಶದಿಂದ ಬಂದ ಕಷ್ಟಕ್ಕೆ ಸರ್ಕಾರ ತೋರಿಸುವ ಕನಿಕರ. ಶಾಸಕರು ಬರುತ್ತಾರೆ, ಚೆಕ್ಕು ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಕೊಟ್ಟರೆ ದೊಡ್ಡತನ, ಕೊಡದಿದ್ದರೆ "ಏನ್ಮಾಡೋದು, ಖಜಾನೆ ಖಾಲಿ". ಆದರೆ ಕೆಲಸದಿಂದ ಬಂದ ಕಾಯಿಲೆಯ ದುಡ್ಡು ಆ ಜಾತಿಯದಲ್ಲ. ಅದು ಒಬ್ಬ ಇನ್ನೊಬ್ಬನಿಗೆ ಕೊಡಬೇಕಾದದ್ದು. ಕಿರಾಣಿ ಅಂಗಡಿಯ ಖಾತೆ ಪುಸ್ತಕದಲ್ಲಿ ಬರೆದಿರುತ್ತಾರಲ್ಲ, ಆ ಥರದ್ದು. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಬಾಕಿ.

ಈ ಬಾಕಿಯನ್ನು ನಾವು ಹೇಗೆ ದಾನ ಮಾಡಿಬಿಟ್ಟೆವು, ಅದೂ ಕೊಡದ ದಾನ, ಅನ್ನುವುದರ ಬಗ್ಗೆ ಈ ಬರಹ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಕಾಯಿಲೆಯ ವಿಷಯ. ಕೆಲಸದಿಂದ ಬರುವ ಕಾಯಿಲೆಗಳು ನೂರಾರಿವೆ. ಸೀಸದ ಕೆಲಸ ಮಾಡುವವರಿಗೆ ಸೀಸದ ವಿಷ, ಹತ್ತಿ ಗಿರಣಿಯವರಿಗೆ ಬಿಸಿನೋಸಿಸ್, ಕಿವಿಗಡಚಿಕ್ಕುವ ಯಂತ್ರಗಳ ನಡುವೆ ನಿಂತವರಿಗೆ ಕಿವುಡು. ಇಲ್ಲಿ ಒಂದನ್ನೇ ಹಿಡಿದುಕೊಳ್ಳುತ್ತೇನೆ: ಸಿಲಿಕೋಸಿಸ್. ಕಲ್ಲು, ಮರಳು, ಬೆಣಚುಕಲ್ಲು ಇವುಗಳಲ್ಲಿ ಸಿಲಿಕಾ ಇರುತ್ತದೆ. ಕಲ್ಲನ್ನು ಕೊರೆದಾಗ, ಕುಟ್ಟಿದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಅಷ್ಟೇನೂ ಅಪಾಯದ್ದಲ್ಲ, ಅದು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ಧೂಳಿನಲ್ಲಿ. ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟೋ ಅದಕ್ಕಿಂತ ಸಣ್ಣದೋ ಆದ ಕಣಗಳು ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಅವನ್ನು ನುಂಗಲು ಹೋದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಅಲ್ಲಿ ಗಾಯ, ಗಾಯದ ಮೇಲೆ ಕಲೆ, ಕಲೆಯ ಮೇಲೆ ಕಲೆ. ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಒರಟು ನಾರಿನಂತೆ ಆಗುತ್ತದೆ. ಒಮ್ಮೆ ಆದ ಕಲೆಯನ್ನು ಅಳಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತ ಹೋಗಬಹುದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇನು ಹೊಸ ಕಾಯಿಲೆಯೇ? ಅಲ್ಲ. ನಮ್ಮ ರಾಜ್ಯದ ಮಟ್ಟಿಗಂತೂ ಖಂಡಿತ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೇವೆ. ಆ ಕರೆಂಟು ಹೋದ ಗಣಿಯ ಒಳಗೆ ಏನಾಯಿತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಅಂದರೆ ಚಿನ್ನಕ್ಕಾಗಿ ಒಡೆದ ಪ್ರತಿ ಹೊಡೆತಕ್ಕೂ ಸಿಲಿಕಾ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೆಜಿಎಫ್‌ನಿಂದ, 1934ರಲ್ಲಿ. 1940ರ ದಶಕದಲ್ಲಿ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ರೋಗ ಕಾಣಿಸಿತು. ನೂರರಲ್ಲಿ ನಲವತ್ತು! ಸಾಲಾಗಿ ನಿಂತ ಐದು ಜನರಲ್ಲಿ ಇಬ್ಬರು.

ಆ ಐವರ ಮನೆಮಾತು ಹೆಚ್ಚಾಗಿ ತಮಿಳು, ತೆಲುಗು. ಬಹುಪಾಲು ದಲಿತರು. ಹಾಗಾಗಿ ಆ ಕೆಮ್ಮು ಕನ್ನಡಕ್ಕೆ ಕೇಳಿಸಲೇ ಇಲ್ಲವೋ ಏನೋ. ಕರೆಂಟು ನಮ್ಮದು, ಚಿನ್ನ ನಮ್ಮದು, ಹೆಮ್ಮೆ ನಮ್ಮದು, ಕೆಮ್ಮು ಮಾತ್ರ ಅವರದ್ದು.

ಸರಿ, ಈಗ ಕಾನೂನಿಗೆ ಬರೋಣ. ಕಾನೂನೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕಾನೂನಿಗೇನು ಬರ? 1923ರಲ್ಲೇ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಅದರ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇತ್ತು. ಎ, ಬಿ, ಸಿ ಅಂತ ಮೂರು ಭಾಗ. ಸಿಲಿಕೋಸಿಸ್, ಆಸ್ಬೆಸ್ಟೋಸಿಸ್, ಹತ್ತಿ ಧೂಳಿನ ಕಾಯಿಲೆ ಎಲ್ಲ ಸಿ ಭಾಗದಲ್ಲಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಹೋಯಿತು, ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಆದರೆ ಪರಿಹಾರದ ಅಧ್ಯಾಯದ ಚೌಕಟ್ಟು ಬಹುಮಟ್ಟಿಗೆ ಹಳೆಯದೇ. ಹೊಸ ಬಾಟಲಿ, ನೂರು ವರ್ಷದ ಹಳೆಯ ಕಷಾಯ.

ಆ ಕಷಾಯದಲ್ಲಿ ಒಳ್ಳೆಯದೂ ಇದೆ. ಮೊದಲು ಅದನ್ನೇ ಹೇಳುತ್ತೇನೆ, ಏಕೆಂದರೆ ಅದು ಗೊತ್ತಿಲ್ಲದ್ದರಿಂದಲೇ ಎಷ್ಟೋ ಜನ ಮೋಸ ಹೋಗುತ್ತಾರೆ.

"ಅವನು ನಮ್ಮ ಕೆಲಸದವನಲ್ಲ, ಮೇಸ್ತ್ರಿ ಕಡೆಯವನು." ಈ ಮಾತನ್ನು ನೀವೂ ಕೇಳಿರುತ್ತೀರಿ. ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ ಮೂಲ ಮಾಲೀಕನೇ ಕೊಡಬೇಕು. ಕೊಟ್ಟ ಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರವರ ಜಗಳ.

"ಅವನು ಹತ್ತು ಕ್ವಾರಿಯಲ್ಲಿ ದುಡಿದಿದ್ದಾನೆ, ನಾನೊಬ್ಬನೇ ಯಾಕೆ ಕೊಡಲಿ?" ಬೇಡ, ಒಬ್ಬನೇ ಕೊಡಬೇಡಿ. ಸಿ ಭಾಗದ ರೋಗಗಳಿಗೆ ದುಡಿಸಿಕೊಂಡ ಮಾಲೀಕರೆಲ್ಲರೂ ಪಾಲು ಹಾಕಿ ಕೊಡಬೇಕು ಅಂತ ಹಳೆಯ ಕಾಯ್ದೆಯಲ್ಲೇ ಇತ್ತು.

"ಏನೂ ಕೇಳಲ್ಲ ಅಂತ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾನೆ." ಆ ಹೆಬ್ಬೆಟ್ಟಿಗೆ ಕಾಸಿನ ಬೆಲೆಯೂ ಇಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ.

"ಕಾಯಿಲೆ ಕೆಲಸದಿಂದಲೇ ಬಂತು ಅಂತ ಏನು ಗ್ಯಾರಂಟಿ?" ಪಟ್ಟಿಯಲ್ಲಿರುವ ಕೆಲಸ, ಪಟ್ಟಿಯಲ್ಲಿರುವ ಕಾಯಿಲೆ, ನಿಗದಿಯಾದಷ್ಟು ಕಾಲದ ದುಡಿಮೆ, ಇವು ಮೂರೂ ಕೂಡಿದರೆ ಕೆಲಸದಿಂದಲೇ ಬಂತು ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ. ಪಟ್ಟಿ ಇರುವುದೇ ಅದಕ್ಕೆ.

ದುಡ್ಡಿನ ಲೆಕ್ಕವೂ ಕನಿಕರದ ಮೇಲೆ ನಿಂತಿಲ್ಲ. ಹಳೆಯ ಕಾಯ್ದೆಯ ಸೂತ್ರ ಹೀಗಿತ್ತು: ಪೂರ್ತಿ ಶಾಶ್ವತ ಅಸಾಮರ್ಥ್ಯವಾದರೆ ತಿಂಗಳ ಸಂಬಳದ ಶೇ. 60, ಸತ್ತರೆ ಶೇ. 50. ಅದನ್ನು ವಯಸ್ಸಿಗೆ ತಕ್ಕಂತೆ ಕೊಟ್ಟಿರುವ ಒಂದು ಅಂಕಿಯಿಂದ ಗುಣಿಸಬೇಕು. ನಲವತ್ತು ವರ್ಷಕ್ಕೆ ಆ ಅಂಕಿ 184.17. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿಯನ್ನು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ 15,000 ರೂಪಾಯಿಗೆ ಏರಿಸಿತ್ತು. ಅಷ್ಟು ಸಂಬಳದ ನಲವತ್ತು ವರ್ಷದವನು ಇನ್ನು ಏನೂ ಕೆಲಸ ಮಾಡಲಾರದ ಸ್ಥಿತಿಗೆ ಬಂದರೆ 9,000 ಗುಣಿಸು 184.17, ಅಂದರೆ 16,57,530 ರೂಪಾಯಿ. ಮಾಲೀಕ ಕೊಡಬೇಕಾದದ್ದು ಇಷ್ಟು. ಈಗ ಹೇಳಿ, ನಿಮಗೆ ಗೊತ್ತಿರುವ ಯಾವ ಕಲ್ಲು ಒಡೆಯುವವನ ಮನೆಗಾದರೂ ಹದಿನಾರು ಲಕ್ಷ ಬಂದದ್ದು ಕೇಳಿದ್ದೀರಾ?

ಯಾಕೆ ಬರಲ್ಲ ಅನ್ನುವುದೇ ಪ್ರಶ್ನೆ. ಮೂರು ಕಡೆ ಈ ಬಾಕಿಯನ್ನು ಅಳಿಸಿ ಹಾಕಲಾಗುತ್ತದೆ ಅನ್ನುವುದು ನನ್ನ ವಾದ.

ಮೊದಲನೆಯದು ಆಸ್ಪತ್ರೆಯಲ್ಲಿ. ಕಲ್ಲಿನ ಕೆಲಸದವನು ಕೆಮ್ಮುತ್ತಾ, ತೂಕ ಇಳಿದು, ಏದುಸಿರು ಬಿಡುತ್ತಾ ಬರುತ್ತಾನೆ. ಎಕ್ಸ್-ರೇ ತೆಗೆದರೆ ಚುಕ್ಕೆ ಚುಕ್ಕೆ. ಚೀಟಿಯ ಮೇಲೆ "ಟಿಬಿ" ಅಂತ ಬೀಳುತ್ತದೆ, ಮಾತ್ರೆ ಶುರುವಾಗುತ್ತದೆ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಟಿಬಿ ಸುಲಭವಾಗಿ ಅಂಟುತ್ತದೆ ಅನ್ನುವುದೂ ನಿಜ. ಎಷ್ಟೋ ಜನಕ್ಕೆ ಎರಡೂ ಇರುತ್ತದೆ. ಆದರೆ ಚೀಟಿಯಲ್ಲಿ ಒಂದೇ ಉಳಿಯುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಟಿಬಿಗೆ ಮಾಲೀಕನಿಲ್ಲ. ಅದು ಬಡತನದಿಂದ ಬಂತು, ಗಾಳಿಯಿಂದ ಬಂತು, ಪಕ್ಕದ ಮನೆಯವನಿಂದ ಬಂತು. ಸಿಲಿಕೋಸಿಸ್‌ಗೆ ಮಾಲೀಕನಿದ್ದಾನೆ. ಅದು ಇಂಥ ಕ್ವಾರಿಯಿಂದ, ಇಂಥ ಕ್ರಷರ್‌ನಿಂದ ಬಂತು. ವೈದ್ಯರ ಪೆನ್ನಿನ ಒಂದು ಪದ ಬದಲಾದರೆ ಹದಿನಾರು ಲಕ್ಷದ ಸಾಲಗಾರ ಮಾಯವಾಗುತ್ತಾನೆ.

ವೈದ್ಯರನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ 1700ರಲ್ಲೇ ಇಟಲಿಯ ರಾಮಾಝ್ಝಿನಿ ಎಂಬ ವೈದ್ಯ ಕಸುಬಿನ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ "ನಿನ್ನ ಕಸುಬೇನು?" ಅನ್ನುವುದನ್ನೂ ಸೇರಿಸಿ ಅಂತ ತನ್ನವರಿಗೆ ಹೇಳಿದ್ದ. ಮುನ್ನೂರು ವರ್ಷ ಕಳೆಯಿತು. ನಿಮ್ಮ ಮನೆಯಲ್ಲಿ ಯಾವುದಾದರೂ ಹಳೆಯ ಓಪಿಡಿ ಚೀಟಿ ಇದ್ದರೆ ತೆಗೆದು ನೋಡಿ. ಹೆಸರು, ವಯಸ್ಸು, ಗಂಡು ಹೆಣ್ಣು ಎಲ್ಲ ಇರುತ್ತದೆ. ಕೆಲಸ ಏನು ಅಂತ ಬರೆದಿದ್ದರೆ ನನಗೂ ತಿಳಿಸಿ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಇಂಥ ಕಾಯಿಲೆ ಕಂಡ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಮಾಡಲೇಬೇಕಿತ್ತು. ಮಾಡದಿದ್ದರೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಹೊಸ ಸಂಹಿತೆಯಲ್ಲೂ ವರದಿಯ ಕರ್ತವ್ಯ ಇದೆ. ಆದರೆ ಕೆಲಸವನ್ನೇ ಕೇಳದವರು ಕೆಲಸದ ಕಾಯಿಲೆಯನ್ನು ವರದಿ ಮಾಡುವುದು ಹೇಗೆ?

ಎರಡನೆಯದು ಹಾಜರಿ ಪುಸ್ತಕದಲ್ಲಿ. ಕಾಯಿಲೆ ಯಾವುದರಿಂದ ಬಂತು ಅಂತ ಕಾನೂನು ಒಪ್ಪಿಕೊಂಡರೂ, "ನಾನು ಅಲ್ಲಿ ದುಡಿದೆ" ಅಂತ ಸಾಬೀತು ಮಾಡುವ ಹೊರೆ ಕಾರ್ಮಿಕನದೇ. ಕ್ವಾರಿಯಲ್ಲಿ ದುಡಿದವನ ಹತ್ತಿರ ಏನಿರುತ್ತದೆ? ನೇಮಕಾತಿ ಪತ್ರವೇ, ಸಂಬಳದ ಚೀಟಿಯೇ, ಗುರುತಿನ ಚೀಟಿಯೇ? ವಾರದ ಬಟವಾಡೆ ಕೈಯಿಂದ ಕೈಗೆ. ಪುಸ್ತಕ ಇಡಬೇಕಾದವನು ಮಾಲೀಕ, ಇಡದೇ ಇದ್ದವನೂ ಮಾಲೀಕ, ಇಡದೇ ಇದ್ದದ್ದರ ಲಾಭವೂ ಮಾಲೀಕನಿಗೆ. ತಮಾಷೆಯಾಗಿದೆ ಅಲ್ವಾ? ಬಾಡಿಗೆಗೆ ರಸೀದಿ ಕೊಡದ ಮನೆಯ ಓನರ್ರು "ಇವನು ನಮ್ಮ ಮನೇಲಿ ಇರಲೇ ಇಲ್ಲ" ಅಂದಹಾಗೆ.

ಇದರ ಪರಿಣಾಮ ಏನು ಅಂತ ನೋಡಬೇಕಾದರೆ ಕರ್ನಾಟಕ ಬಿಟ್ಟು ಗುಜರಾತಿನ ಗೋಧ್ರಾ ಕಡೆ ಹೋಗಬೇಕು. ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿಗಳು ಅಲ್ಲಿನ ಬೆಣಚುಕಲ್ಲು ಪುಡಿ ಮಾಡುವ ಘಟಕಗಳಿಗೆ ಗುಳೆ ಹೋಗುತ್ತಿದ್ದರು. ಬೆಣಚುಕಲ್ಲು ಅಂದರೆ ಹೆಚ್ಚು ಕಡಿಮೆ ಶುದ್ಧ ಸಿಲಿಕಾ. ಕೆಲವೇ ಸೀಸನ್ನು ಕೆಲಸ ಮಾಡಿದವರೂ ಎಳೆ ವಯಸ್ಸಿನಲ್ಲೇ ಸತ್ತರು. 2006ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2010ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸತ್ತ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡಿ ಅಂತ ಗುಜರಾತ್ ಸರ್ಕಾರಕ್ಕೆ ಹೇಳಿತು. ಆ ದುಡ್ಡು ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಕೊಟ್ಟದ್ದು 2016ರ ಮೇ ತಿಂಗಳಲ್ಲಿ. ಅರ್ಜಿಯಿಂದ ಆದೇಶಕ್ಕೆ ಹತ್ತು ವರ್ಷ.

ಆ ಆದೇಶ ದೊಡ್ಡದೇ, ಅದಕ್ಕಾಗಿ ಹೋರಾಡಿದವರಿಗೆ ನಮಸ್ಕಾರ. ಆದರೆ ಒಂದು ವಿಷಯ ಗಮನಿಸಿ. ಕೊಟ್ಟದ್ದು ಯಾರು? ಸರ್ಕಾರ. ಅಂದರೆ ನೀವು ನಾವು ಕಟ್ಟುವ ತೆರಿಗೆ. ಕಲ್ಲು ಪುಡಿ ಮಾಡಿ ಮಾರಿ ಲಾಭ ಮಾಡಿಕೊಂಡವರ ಜೇಬಿನಿಂದ ಹೋಗಬೇಕಿದ್ದ ಬಾಕಿ ಸರ್ಕಾರದ ಪರಿಹಾರವಾಗಿ ಬದಲಾಯಿತು. ರಾಜಸ್ಥಾನ 2019ರಲ್ಲಿ ಇಂಥ ರೋಗಗಳಿಗೇ ಒಂದು ನೀತಿ ಮಾಡಿತು. ರೋಗ ದೃಢಪಟ್ಟರೆ 3 ಲಕ್ಷ, ಸತ್ತ ಮೇಲೆ 2 ಲಕ್ಷ. ಏನೂ ಇಲ್ಲದ ಕಡೆ ಇಷ್ಟಾದರೂ ಸಿಗುವುದು ದೊಡ್ಡದು, ಬೇರೆ ರಾಜ್ಯಗಳೂ ಮಾಡಲಿ. ಆದರೆ 5 ಲಕ್ಷದ ಸರ್ಕಾರಿ ಸಹಾಯ ಬಂತು ಅಂತ 16 ಲಕ್ಷದ ಖಾಸಗಿ ಬಾಕಿಯನ್ನು ಎಲ್ಲರೂ ಮರೆತುಬಿಟ್ಟರೆ ಗೆದ್ದವರು ಯಾರು?

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕ್ರೂರವಾದದ್ದು, ಕ್ಯಾಲೆಂಡರಿನಲ್ಲಿ. 1923ರ ಕಾಯ್ದೆ ಮಾಡಿದವರ ತಲೆಯಲ್ಲಿ ಇದ್ದದ್ದು ಅಪಘಾತ. ಯಂತ್ರಕ್ಕೆ ಕೈ ಸಿಕ್ಕಿತು, ಬೆರಳು ಹೋಯಿತು, ದಿನಾಂಕ ಇಂಥದ್ದು, ಸಾಕ್ಷಿ ಇಂಥವರು. ರೋಗವನ್ನು ಅದೇ ಅಂಗಿಯೊಳಗೆ ತುರುಕಿದರು. "ರೋಗವನ್ನೂ ಅಪಘಾತ ಎಂದೇ ಭಾವಿಸತಕ್ಕದ್ದು." ಸರಿ, ಅಪಘಾತಕ್ಕೆ ಒಂದು ದಿನಾಂಕ ಬೇಕಲ್ಲ? ಅರ್ಜಿ ಹಾಕಲು ಎರಡು ವರ್ಷ. ಕೆಲಸ ಬಿಟ್ಟವನಿಗಾದರೆ, ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಿಸಿಕೊಂಡರೆ ಮಾತ್ರ ಲಕ್ಷಣ ಕಂಡ ದಿನವೇ ಅಪಘಾತದ ದಿನ.

ಈಗ ಮೊದಲು ನೆನಪಿಟ್ಟುಕೊಳ್ಳಿ ಅಂದ ಮಾತಿಗೆ ಬನ್ನಿ. ಸಾಮಾನ್ಯ ಸಿಲಿಕೋಸಿಸ್ ಕಾಣಿಸಿಕೊಳ್ಳುವುದು ಧೂಳು ಕುಡಿಯಲು ಶುರುಮಾಡಿ ಹತ್ತು, ಇಪ್ಪತ್ತು ವರ್ಷಗಳ ಮೇಲೆ. ಎಷ್ಟೋ ಸಲ ಕೆಲಸ ಬಿಟ್ಟು ಊರಿಗೆ ಹೋಗಿ ಕುರಿ ಮೇಯಿಸುತ್ತಿರುವಾಗ. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಎರಡು ವರ್ಷ ಅಂದರೆ 2003ರ ಫೆಬ್ರವರಿ. ಕಾನೂನಿನ ಆ ಸಾಲನ್ನು ಅಕ್ಷರಶಃ ಓದಿದರೆ, ಗಣಿಯ ಕೊನೆಯ ಪಾಳಿಯವರೆಗೆ ದುಡಿದು 2010ರಲ್ಲಿ ಉಸಿರು ಕಟ್ಟಿದವನ ಶ್ವಾಸಕೋಶ ತಡವಾಗಿ ಬಂದ ಅರ್ಜಿ! ಸಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿತ್ತು, ನಿಜ. ಆದರೆ ಹಕ್ಕು ಅಂದಮೇಲೆ ಮನ್ನಿಸಿ ಅಂತ ಕೈಮುಗಿದು ಯಾಕೆ ಕೇಳಬೇಕು? ತಡ ಮಾಡಿದ್ದು ರೋಗ, ರೋಗಿ ಅಲ್ಲ.

ಅಂದಹಾಗೆ ಆ ಗಣಿಯ ಮಾಲೀಕ ಯಾರು ಅಂತ ಮರೆಯಬೇಡಿ. ಮೊದಲು ಜಾನ್ ಟೇಲರ್ ಕಂಪನಿಯ ಬ್ರಿಟಿಷರು. 1956ರಿಂದ ನಮ್ಮದೇ ಸರ್ಕಾರಗಳು.

ಇನ್ನೊಂದು ಕಡೆ ಇದೇ ದೇಶದ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಆಸ್ಬೆಸ್ಟಾಸ್ ಕೇಸಿನಲ್ಲಿ ಏನು ಹೇಳಿತು ನೋಡಿ. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು. ಯಾಕೆ 40 ವರ್ಷ? ಈ ಧೂಳಿನ ಕಾಯಿಲೆಗಳು ಅಷ್ಟು ನಿಧಾನ ಅಂತ ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ದಾಖಲೆಗೆ 40 ವರ್ಷ, ಹಕ್ಕಿಗೆ 2 ವರ್ಷ. ಈ ತೀರ್ಪಿನ ಬೆಳಕಿನಲ್ಲಿ ಎರಡು ವರ್ಷದ ಆ ಗಡುವನ್ನು ಎಂದೋ ಕಿತ್ತೆಸೆಯಬೇಕಿತ್ತು. ನಾಲ್ಕು ಸಂಹಿತೆಗಳನ್ನು ಹೊಸದಾಗಿ ಬರೆಯುವಾಗ ಅದಕ್ಕೆ ಒಳ್ಳೆಯ ಅವಕಾಶವೂ ಇತ್ತು. ಇಪ್ಪತ್ತೊಂಬತ್ತು ಕಾನೂನುಗಳನ್ನು ಕುಟ್ಟಿ ಪುಡಿ ಮಾಡಿ ನಾಲ್ಕು ಉಂಡೆ ಕಟ್ಟಿದರು. ಪರಿಹಾರದ ಅಧ್ಯಾಯ ಮಾತ್ರ ಹಳೆಯ ರುಚಿಯಲ್ಲೇ ಉಳಿಯಿತು.

ಹೊಸ ಸಂಹಿತೆಗಳಲ್ಲಿ ಒಳ್ಳೆಯದೇ ಇಲ್ಲ ಅಂತಲ್ಲ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು ಅಂತಿದೆ. ಅಪಾಯಕಾರಿ ಕೆಲಸವಾದರೆ ಒಬ್ಬನೇ ಕಾರ್ಮಿಕನಿದ್ದರೂ ಇಎಸ್‌ಐ ಅನ್ವಯಿಸುವಂತೆ ಕೇಂದ್ರ ಅಧಿಸೂಚನೆ ಹೊರಡಿಸಬಹುದು ಅಂತಿದೆ. ಇವು ಕಾಗದದಿಂದ ಕ್ವಾರಿಗೆ ಇಳಿದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಆದರೆ ಅದೇ ಕೈಯಿಂದ "ಕಾರ್ಖಾನೆ" ಅನ್ನುವುದರ ಅಳತೆಯನ್ನು ಕರೆಂಟಿದ್ದರೆ 10 ಜನರಿಂದ 20ಕ್ಕೆ, ಇಲ್ಲದಿದ್ದರೆ 20ರಿಂದ 40ಕ್ಕೆ ಏರಿಸಿದ್ದಾರೆ. ಧೂಳು ಜಾಸ್ತಿ ಇರುವುದು ಹತ್ತು ಹದಿನೈದು ಜನರ ಸಣ್ಣ ಘಟಕಗಳಲ್ಲಿ ಅಂತ ಇವರಿಗೆ ಯಾರೂ ಹೇಳಲಿಲ್ಲವೇ?

ಇನ್ನು ಕಾಮೆಂಟಿನಲ್ಲಿ ಬರಬಹುದಾದ ಮಾತುಗಳಿಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ.

"ಮಾಸ್ಕ್ ಕೊಟ್ಟರೂ ಹಾಕ್ಕೊಳ್ಳಲ್ಲ ಸಾರ್ ಇವರು." ಯಾವ ಮಾಸ್ಕ್? ಹೆಗಲ ಮೇಲಿನ ಟವೆಲ್ಲೋ, ತೆಳು ಬಟ್ಟೆಯದ್ದೋ ಆದರೆ ಆ ಸಣ್ಣ ಕಣಗಳಿಗೆ ಅದು ತೆರೆದ ಬಾಗಿಲು. ಸರಿಯಾದ ಮಾಸ್ಕ್ ಹಾಕಿಕೊಂಡು ಏಪ್ರಿಲ್ ತಿಂಗಳ ಇಳಕಲ್ಲಿನ ಬಿಸಿಲಲ್ಲಿ ಎಂಟು ಗಂಟೆ ಡ್ರಿಲ್ ಹಿಡಿಯಿರಿ ನೋಡೋಣ. ಧೂಳನ್ನು ಮೂಗಿನ ಹತ್ತಿರ ತಡೆಯುವುದು ಕೊನೆಯ ದಾರಿ. ಮೊದಲ ದಾರಿ ಧೂಳು ಏಳದಂತೆ ಮಾಡುವುದು: ಕೊರೆಯುವಾಗ ನೀರು ಬಿಡುವುದು, ಕ್ರಷರ್‌ಗೆ ಮುಚ್ಚಳ ಹಾಕುವುದು, ಧೂಳು ಎಳೆದುಕೊಳ್ಳುವ ಫ್ಯಾನು ಹಾಕಿಸುವುದು. ಇದು ಯಾವುದೂ ಕೂಲಿಯವನ ಕೈಯಲ್ಲಿಲ್ಲ. ಎಲ್ಲವೂ ಮಾಲೀಕನ ಖರ್ಚು. ಅದಕ್ಕೇ ಮಾತು ಯಾವಾಗಲೂ ಮಾಸ್ಕಿಗೆ ಬಂದು ನಿಲ್ಲುತ್ತದೆ.

"ಬೀಡಿ ಸೇದಿ ಸೇದಿ ಹೀಗಾಗಿದ್ದಾರೆ." ಬೀಡಿ ಒಳ್ಳೆಯದಲ್ಲ, ರೋಗವನ್ನು ಇನ್ನಷ್ಟು ಕೆಡಿಸುತ್ತದೆ. ಆದರೆ ಜೀವಮಾನವಿಡೀ ಬೀಡಿ ಸೇದಿದರೂ ಸಿಲಿಕೋಸಿಸ್ ಬರುವುದಿಲ್ಲ. ಅದಕ್ಕೆ ಸಿಲಿಕಾ ಬೇಕು.

"ಇಷ್ಟೆಲ್ಲ ಕೊಡಬೇಕಾದರೆ ಉದ್ಯಮ ಮುಚ್ಚಿಹೋಗುತ್ತೆ, ಅದೇ ಬಡವರಿಗೆ ಕೆಲಸ ಹೋಗುತ್ತೆ." ಈ ವಾದಕ್ಕೆ ಬಹಳ ಜನ ತಲೆಯಾಡಿಸುತ್ತಾರೆ. ಆದರೆ ಖರ್ಚು ಈಗಲೂ ಆಗುತ್ತಿದೆಯಲ್ಲ? ಹೆಂಡತಿಯ ಓಲೆ ಅಡವಿಗೆ ಹೋಗುತ್ತದೆ, ಮಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡುತ್ತಾನೆ, ಆಮ್ಲಜನಕದ ಸಿಲಿಂಡರಿಗೆ ಬಡ್ಡಿ ಸಾಲ ಆಗುತ್ತದೆ. ಜಲ್ಲಿಯ ರೇಟು ಕಡಿಮೆ ಇರುವುದೇ ಆ ಖರ್ಚನ್ನು ಇವರು ಹೊತ್ತಿರುವುದರಿಂದ. ನಮ್ಮ ಮನೆಯ ಆರ್‌ಸಿಸಿಗೆ ಈ ಮಂದಿ ಸಬ್ಸಿಡಿ ಕೊಡುತ್ತಿದ್ದಾರೆ. ಬಡವರು ಉಳ್ಳವರಿಗೆ ಕೊಡುವ ಸಬ್ಸಿಡಿ!

ಮುಚ್ಚಬೇಕಾದದ್ದನ್ನು ಮುಚ್ಚಿದ ದೇಶವೂ ಇದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಝ್ ಹಲಗೆಯನ್ನು ಕತ್ತರಿಸುವ ಎಳೆಯ ಹುಡುಗರಿಗೆ ಸಿಲಿಕೋಸಿಸ್ ಬರುತ್ತಿದೆ ಅಂತ ಗೊತ್ತಾದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕೆಲಸವನ್ನೇ ನಿಷೇಧಿಸಿತು. ಅಲ್ಲಿ ಅಡುಗೆಮನೆಗಳೇನೂ ನಿಂತುಹೋಗಲಿಲ್ಲ. ನಮ್ಮಲ್ಲಿ ಅದೇ ಕ್ವಾರ್ಟ್ಝ್ ಹಲಗೆ ಹೊಸ ಅಪಾರ್ಟ್‌ಮೆಂಟಿನ ಶೋಕಿ.

ಹಾಗಾದರೆ ಏನಾಗಬೇಕು? ನನ್ನ ಪಟ್ಟಿ ಚಿಕ್ಕದು.

ಒಂದು, ಧೂಳಿನ ಕಾಯಿಲೆಗಳಿಗೆ ಎರಡು ವರ್ಷದ ಗಡುವು ಹೋಗಬೇಕು. ಯಾವಾಗ ಕೆಲಸ ಬಿಟ್ಟ ಅನ್ನುವುದು ಮುಖ್ಯವಲ್ಲ. ರೋಗ ಇದೆ ಅಂತ ವೈದ್ಯರು ಬರೆದು ಕೊಟ್ಟ ದಿನದಿಂದ ಗಡಿಯಾರ ಶುರುವಾಗಲಿ.

ಎರಡು, ಹಾಜರಿ ಪುಸ್ತಕ ಇಡದ ಮಾಲೀಕನಿಗೆ "ಇವನು ನಮ್ಮಲ್ಲಿ ದುಡಿದಿಲ್ಲ" ಅನ್ನುವ ಹಕ್ಕು ಇರಬಾರದು. ಪುಸ್ತಕ ಇಲ್ಲದಿದ್ದರೆ ಕಾರ್ಮಿಕನ ಮಾತೇ ಪುರಾವೆ. ಅಲ್ಲ ಅನ್ನುವುದಾದರೆ ಮಾಲೀಕ ಸಾಬೀತು ಮಾಡಲಿ.

ಮೂರು, ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್ ಘಟಕ ಇರುವ ತಾಲ್ಲೂಕುಗಳಲ್ಲಿ ಟಿಬಿ ಚೀಟಿಯ ಮೇಲೆ ಕೆಲಸದ ಕಲಂ ಕಡ್ಡಾಯವಾಗಬೇಕು. ಇದಕ್ಕೆ ಕಾನೂನು ತಿದ್ದುಪಡಿಯೂ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ. ಒಂದು ಸುತ್ತೋಲೆ ಸಾಕು.

ನಾಲ್ಕು, ಸರ್ಕಾರ ಮೊದಲು ಕೊಡಲಿ, ಬೇಡ ಅನ್ನುವುದಿಲ್ಲ. ಉಸಿರಾಡಲು ಕಷ್ಟಪಡುತ್ತಿರುವವನು ಕೋರ್ಟಿಗೆ ಅಲೆಯಲು ಆಗುವುದಿಲ್ಲ. ಆದರೆ ಕೊಟ್ಟ ಮೇಲೆ ಮಾಲೀಕರಿಂದ ವಸೂಲಿ ಮಾಡಲಿ. ಗಣಿ ಇರುವ ಜಿಲ್ಲೆಗಳಿಗೆ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳ ನಿಧಿ ಬಂದಿದೆ. ಆ ದುಡ್ಡಿನಲ್ಲಿ ಕಮಾನು, ಕಾಂಪೌಂಡು ಕಟ್ಟಿಸುವ ಮೊದಲು ಹಳೆಯ ಕೆಲಸಗಾರರ ಎಕ್ಸ್-ರೇ ತೆಗೆಸಲಿ.

ನಾವು ಬ್ಲಾಗಿಗರು ಏನು ಮಾಡಬಹುದು ಅಂತ ಕೇಳುತ್ತೀರಾ? ನಮ್ಮಲ್ಲಿ ಬಹಳ ಜನ ಕೀಬೋರ್ಡು ಕುಟ್ಟಿ ಬದುಕುವವರು. ನಮ್ಮ ಧೂಳು ಎಸಿ ಫಿಲ್ಟರಿನಲ್ಲಿ ನಿಲ್ಲುತ್ತದೆ. ಆದರೆ ನಾವು ಬಂದ ಊರುಗಳಿವೆಯಲ್ಲ? ಇಳಕಲ್ಲಿನವರು, ಚಾಮರಾಜನಗರದವರು, ಕನಕಪುರದವರು, ಕೋಲಾರದವರು ಇಲ್ಲಿ ಇದ್ದೀರಿ. ದಾವಣಗೆರೆಯವರಿದ್ದೀರಿ, ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜನಿಗೆ ವಾರದ ರಜೆ ಮುಗಿಸಿ ಸೋಮವಾರ ಮಿಲ್ಲಿಗೆ ಹೋದರೆ ಮಾತ್ರ ಎದೆ ಬಿಗಿಯುತ್ತಿತ್ತು ಅಂತ ಮನೆಯಲ್ಲಿ ಕೇಳಿದವರಿರಬಹುದು. ಆ ಸೋಮವಾರದ ಎದೆಬಿಗಿತ ಬಿಸಿನೋಸಿಸ್‌ನ ಮೊದಲ ಗುರುತು. ಬರೆಯಿರಿ. ನಿಮ್ಮ ಊರಿನಲ್ಲಿ ಯಾವ ಧೂಳು, ಯಾರು ಕುಡಿದರು, ಚೀಟಿಯಲ್ಲಿ ಏನಂತ ಬರೆದರು, ಏನು ಸಿಕ್ಕಿತು. ಹೆಸರು ಬೇಡ, ವಿಷಯ ಸಾಕು.

ಅಷ್ಟೇ ಅಲ್ಲ, ಇನ್ನೂ ಸುಲಭದ ಕೆಲಸವೊಂದಿದೆ. ಪರಿಚಯದ ಕಲ್ಲಿನ ಕೆಲಸದವರು, ಟೈಲ್ಸ್ ಕತ್ತರಿಸುವವರು, ಮರಳು ಜಾಲಿಸುವವರು ಆಸ್ಪತ್ರೆಗೆ ಹೋಗುವಾಗ ಒಂದು ಮಾತು ಹೇಳಿ ಕಳಿಸಿ: "ಡಾಕ್ಟ್ರು ಕೇಳದಿದ್ದರೂ ಏನು ಕೆಲಸ, ಎಷ್ಟು ವರ್ಷ ಅಂತ ನೀವೇ ಹೇಳಿ. ಚೀಟಿ ಮೇಲೆ ಬರೆಸಿಕೊಳ್ಳಿ. ಎಕ್ಸ್-ರೇ ಫಿಲಂ ಬಿಸಾಡಬೇಡಿ. ಕೆಲಸ ಮಾಡಿದ ಜಾಗದ ಹೆಸರು, ಜೊತೆಗಿದ್ದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ." ನಾಳೆ ಹಕ್ಕು ಕೇಳುವ ದಿನ ಬಂದರೆ ಆ ನೋಟ್‌ಬುಕ್ಕೇ ಅವರ ಹಾಜರಿ ಪುಸ್ತಕ.

ಮತ್ತೆ, ಇನ್ನು ಮೇಲೆ ಎಲ್ಲಾದರೂ "ಪರಿಹಾರ ವಿತರಣೆ" ಅನ್ನುವ ಬ್ಯಾನರು ಕಂಡರೆ, ಅದು ಕೆಲಸದ ಕಾಯಿಲೆಗೆ ಸಂಬಂಧಪಟ್ಟದ್ದಾದರೆ, ಮನಸ್ಸಿನಲ್ಲಾದರೂ ತಿದ್ದಿ ಓದಿಕೊಳ್ಳಿ: ಬಾಕಿ ಪಾವತಿ. ಚೆಕ್ಕು ಹಿಡಿದುಕೊಂಡು ನಿಂತವರು ನಗಬೇಕಾಗಿಲ್ಲ, ತೆಗೆದುಕೊಳ್ಳುವವರು ಕೈಮುಗಿಯಬೇಕಾಗಿಲ್ಲ.

ನನ್ನ ಮಾತಿನಲ್ಲಿ ಒಪ್ಪದೇ ಇರುವುದು ಇದ್ದರೆ ಖಂಡಿತ ಜಗಳಕ್ಕೆ ಬನ್ನಿ. ಅದರಲ್ಲೂ ಕ್ವಾರಿ, ಕ್ರಷರ್ ನಡೆಸುವವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಹಾಜರಿ ಪುಸ್ತಕದಲ್ಲಿ ಇವತ್ತು ಎಷ್ಟು ಹೆಸರಿದೆ, ಕೆಲಸದ ಜಾಗದಲ್ಲಿ ಎಷ್ಟು ಜನ ಇದ್ದಾರೆ, ಈ ಎರಡು ಅಂಕಿ ಬರೆದು ಆಮೇಲೆ ವಾದ ಶುರುಮಾಡಿ.